ಎತ್ತಿನ ಕಾಲು ಮುರಿದರೆ ಮುರಿಯಲಿ

ದಾವಣಗೆರೆಯ ಒಂದು ಶಾಲೆಯಲ್ಲಿ 16 ವರ್ಷಗಳಿಂದ ಎಲ್‌ಕೆಜಿ ಮಕ್ಕಳೊಂದಿಗಿರುವ ನನಗೆ ಜೂನ್ ತಿಂಗಳು ಬಂತೆಂದರೆ ಒಂದು ಹಳೆಯ ತಕರಾರು ನೆನಪಾಗುತ್ತದೆ. ನಮ್ಮ ಶಾಲೆಗಳ ವರ್ಷದ ಚಟುವಟಿಕೆಗಳ ಪಟ್ಟಿಯಲ್ಲಿ ಜನ್ಮಾಷ್ಟಮಿಗೆ ಕೃಷ್ಣವೇಷವಿದೆ, ಗಣಪತಿ ಚಿತ್ರಕ್ಕೆ ಬಣ್ಣ ತುಂಬುವುದಿದೆ, ದೀಪಾವಳಿಗೆ ಹಣತೆಯಿದೆ, ಸಂಕ್ರಾಂತಿಗೆ ಕಾಗದದ ಗಾಳಿಪಟವೂ ಇದೆ. (ನಮ್ಮ ಕಡೆ ಗಾಳಿಪಟ ಏರುವುದು ಆಷಾಢದ ಗಾಳಿಗೆ, ಸಂಕ್ರಾಂತಿಗೆ ಅದನ್ನು ಯಾರು ತಂದು ಅಂಟಿಸಿದರೋ!) ಶಾಲೆ ತೆರೆದ ತಿಂಗಳೊಪ್ಪತ್ತಿನಲ್ಲೇ ಬರುವ ಮಣ್ಣೆತ್ತಿನ ಅಮಾವಾಸ್ಯೆ ಮಾತ್ರ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕೆ ರಜೆ ಇಲ್ಲದ್ದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲವೆಂದು ತೋರುತ್ತದೆ. ನನ್ನ ಪ್ರಕಾರ ರಜೆ ಇಲ್ಲದಿರುವುದೇ ದೊಡ್ಡ ಅನುಕೂಲ, ಏಕೆಂದರೆ ಹಬ್ಬದ ದಿನವೇ ಮಕ್ಕಳು ನಮ್ಮ ಮುಂದೆ ಕುಳಿತಿರುತ್ತಾರೆ. 2025ರಲ್ಲಿ ಅದು ಜೂನ್ 25ರ ಬುಧವಾರ ಬಂದಿತ್ತು.

ಮೂರು ನಾಲ್ಕು ವರ್ಷದ ಮಗುವಿಗೆ ಕಲಿಸಬೇಕಾದ ಮೊದಲ ಹಬ್ಬ ಇದೇ ಎಂಬುದು ನನ್ನ ಅಭಿಪ್ರಾಯ. ಉಳಿದ ಹಬ್ಬಗಳಿಗೆ ನಾವು ಯಾವುದೋ ಒಂದು ಚಟುವಟಿಕೆಯನ್ನು ಹುಡುಕಿ ತಂದು ಜೋಡಿಸಬೇಕು. ಈ ಹಬ್ಬದಲ್ಲಿ ಕೈಕೆಲಸವೇ ಹಬ್ಬ. ಜ್ಯೇಷ್ಠ ಮಾಸದ ಹುಣ್ಣಿಮೆಗೆ, ಅಂದರೆ ಕಾರ ಹುಣ್ಣಿಮೆಗೆ, ಜೀವಂತ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರ ಮುಂದೆ ಕರಿ ಹರಿಸುತ್ತಾರೆ, ಅಂದರೆ ಅಡ್ಡ ಕಟ್ಟಿದ ಹಗ್ಗ ಹರಿಯುವಂತೆ ಅವುಗಳನ್ನು ಓಡಿಸುತ್ತಾರೆ. ಯಾವ ಬಣ್ಣದ ಎತ್ತು ಮುಂದೆ ಬಂತೆಂಬುದನ್ನು ನೋಡಿ ಯಾವ ಬೆಳೆ ಚೆನ್ನಾಗಿ ಬಂದೀತೆಂದು ಲೆಕ್ಕ ಹಾಕುತ್ತಾರೆ. ಅದಾಗಿ ಹದಿನೈದು ದಿನಕ್ಕೆ, ಮುಂಗಾರು ಬಿತ್ತನೆಯ ಹೊತ್ತಿನಲ್ಲಿ, ಅದೇ ಎತ್ತುಗಳನ್ನು ಮಣ್ಣಿನಲ್ಲಿ ಮಾಡಿ, ಮುಂದೆ ಮೇವು ಹಾಕುವ ಗೋದಲಿಯೊಂದನ್ನಿಟ್ಟು ಪೂಜಿಸುತ್ತಾರೆ. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ ಎಂದು ವರ್ಷಕ್ಕೆ ಐದು ಸಲ ಮಣ್ಣಿಗೆ ಪೂಜೆ ನಡೆಯುವ ಸೀಮೆಯಲ್ಲಿ ಮಣ್ಣೆತ್ತಿನದೇ ಮೊದಲನೆಯದು. ದೊಡ್ಡವರು ಮಾಡುವುದನ್ನು ಮಕ್ಕಳೂ ಪಕ್ಕದಲ್ಲಿ ಕುಳಿತು ಮಾಡಬಹುದಾದ, ಮಾಡಿದ್ದು ಸೊಟ್ಟಗಿದ್ದರೂ ಪೂಜೆಗೆ ಸಲ್ಲುವ ಹಬ್ಬ ಬೇರೆ ಯಾವುದಿದೆ?

ವೇಷದ ಕುರಿತು ಹೇಳಿಬಿಡುತ್ತೇನೆ, ಏಕೆಂದರೆ ಆ ತಪ್ಪಿನಲ್ಲಿ ನನಗೂ ಪಾಲಿದೆ. ಕೆಲವು ವರ್ಷಗಳ ಹಿಂದೆ ಜನ್ಮಾಷ್ಟಮಿಯ ದಿನ ಮೂರೂವರೆ ವರ್ಷದ ಹುಡುಗನೊಬ್ಬನಿಗೆ ಪಂಚೆ ಸುತ್ತಿ, ಕಿರೀಟ ಕಟ್ಟಿ, ಕೊಳಲು ಜಾರದಿರಲೆಂದು ಅದನ್ನು ಅಂಗೈಗೆ ಟೇಪಿನಿಂದ ಅಂಟಿಸಿದ್ದೆವು. ನವಿಲುಗರಿಯ ಕಡ್ಡಿ ಕಿವಿಯ ಹಿಂದೆ ಚುಚ್ಚುತ್ತಿದೆಯೆಂದು ಅವನು ಅಳುತ್ತಿದ್ದರೂ ಫೋಟೋ ಮುಗಿಯುವವರೆಗೆ ಯಾರೂ ತೆಗೆಯಲಿಲ್ಲ. ಹಬ್ಬದ ಹೆಸರಿನಲ್ಲಿ ಆ ದಿನ ಮಗು ಮಾಡಿದ ಕೆಲಸವೆಂದರೆ ಅಲುಗಾಡದೆ ನಿಂತದ್ದು.

ಮಣ್ಣಿನ ಕೆಲಸದಲ್ಲಿ ಅಲುಗಾಡದ ಮಗುವೇ ಇರುವುದಿಲ್ಲ. ಮೊದಲ ವರ್ಷ ನಾನು ಎರೆಹೊಲದ ಮಣ್ಣನ್ನು ಹಾಗೆಯೇ ತರಿಸಿ ಕೊಟ್ಟು ಸೋತೆ. ಎರೆಮಣ್ಣು ನೀರು ಕುಡಿದಾಗ ಎಷ್ಟು ಹಿಗ್ಗುತ್ತದೋ ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಇದೇ ಕಾರಣಕ್ಕೆ. ಮರುದಿನ ಬೆಳಿಗ್ಗೆ ನೋಡಿದರೆ ಎತ್ತುಗಳ ಹೊಟ್ಟೆಯೆಲ್ಲ ಸೀಳಿಹೋಗಿತ್ತು. ಜಗಳೂರು ಕಡೆಯವರಾದ ನಮ್ಮ ಶಾಲೆಯ ಆಯಾ ಅದನ್ನು ನೋಡಿ ನಕ್ಕು, "ಅದಕ್ಕೆ ಒಂದೀಟು ಹತ್ತಿ ಕಲಸಬೇಕ್ರೀ ಮಿಸ್" ಎಂದರು. ಅಂದಿನಿಂದ ಕೆರೆಯ ಜೇಡಿಮಣ್ಣನ್ನು ತರಿಸಿ, ಕಲ್ಲು ಆರಿಸಿ, ಎರಡು ದಿನ ನೆನೆಹಾಕಿ, ಹಿಂಜಿದ ಹತ್ತಿಯನ್ನು ಸೇರಿಸಿ ಮಿದಿಯುತ್ತೇವೆ. ಕಲ್ಲು ಆರಿಸುವುದನ್ನು ಮಕ್ಕಳಿಗೇ ಬಿಟ್ಟಿದ್ದೇನೆ. ಹತ್ತಿಗಿರಣಿಗಳಿಂದ ಹೆಸರಾದ ಊರಿನ ಮಕ್ಕಳು ಹತ್ತಿಯನ್ನು ಮೊದಲ ಬಾರಿಗೆ ಕೈಯಾರೆ ಹಿಂಜುವುದು ಮಣ್ಣಿಗೆ ಸೇರಿಸಲೆಂದು ಎಂಬುದು ನನಗೆ ಪ್ರತಿ ವರ್ಷವೂ ಸೋಜಿಗವೆನಿಸುತ್ತದೆ.

ಕಾಲುಗಳನ್ನು ಬೇರೆಯಾಗಿ ಹೊಸೆದು ಅಂಟಿಸಿದರೆ ಅವು ನಿಲ್ಲುವುದಿಲ್ಲ. ಒಂದೇ ಮುದ್ದೆಯನ್ನು ಕೊಟ್ಟು, ಅದರ ಕೆಳಗಿನಿಂದ ನಾಲ್ಕು ಕಡೆ ಚಿವುಟಿ ಎಳೆಯಲು ಹೇಳಿದರೆ ಗಿಡ್ಡ ಕಾಲಿನ, ಆನೆಯಂಥ ಎತ್ತು ಬರುತ್ತದೆ, ಆದರೆ ನಿಲ್ಲುತ್ತದೆ. ಮೇಲೆ ಚಿವುಟಿದರೆ ಇಣಿ (ಬೆನ್ನ ಮೇಲಿನ ಡುಬ್ಬ), ಮುಂದೆ ಎಳೆದರೆ ಮುಖ. ಹೆಬ್ಬೆರಳು ಮತ್ತು ಎರಡು ಬೆರಳು ಸೇರಿ ಮಾಡುವ ಈ ಚಿವುಟುವಿಕೆಯೇ ಮುಂದೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಬೇಕಾದ ಬಲ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆ ಆಟದ ಮೂಲಕ ಆಗಬೇಕೆಂದು ಹೇಳುವಾಗ ಮನಸ್ಸಿನಲ್ಲಿಟ್ಟುಕೊಂಡಿರುವುದು ಇಂಥದನ್ನೇ ಎಂದು ನಾನು ತಿಳಿದಿದ್ದೇನೆ. ಜೂನ್‌ನಲ್ಲೇ ಅಕ್ಷರ ತಿದ್ದಿಸಿ ಎಂದು ಒತ್ತಾಯಿಸುವ ಪೋಷಕರಿಗೆ ನಾನು ಕೊಡುವ ಉತ್ತರವೂ ಇದೇ.

ಇಲ್ಲಿ ಶಿಕ್ಷಕಿಯರಾದ ನಾವು ಎಡವುವುದೊಂದಿದೆ. ಸಂಜೆ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಬೇಕಲ್ಲ. ಮಗು ಕೈ ತೊಳೆಯಲು ಹೋದಾಗ ಅದರ ಎತ್ತಿನ ಕೊಂಬನ್ನು ನೆಟ್ಟಗೆ ಮಾಡುತ್ತೇವೆ, ಬಾಲ ಅಂಟಿಸುತ್ತೇವೆ, ಮುಖ ತಿದ್ದುತ್ತೇವೆ. ಒಮ್ಮೆ ಒಬ್ಬಳು ಹಿಂತಿರುಗಿ ಬಂದು, ನಾನು ತಿದ್ದಿದ ಎತ್ತನ್ನು ನೋಡಿ, "ಇದು ನಂದಲ್ಲ" ಎಂದು ಬದಿಗೆ ಸರಿಸಿ ಬೇರೆ ಮುದ್ದೆ ಕೇಳಿದಳು. ಆಮೇಲೆ ನಾನು ಯಾರ ಎತ್ತನ್ನೂ ಮುಟ್ಟಿಲ್ಲ. ಪೇಟೆಯಲ್ಲಿ ಅಚ್ಚಿನಿಂದ ತೆಗೆದ, ಬಣ್ಣ ಹಚ್ಚಿದ ಜೋಡಿ ಎತ್ತುಗಳನ್ನು ತಂದು ಮಕ್ಕಳ ಕೈಗಿತ್ತು ಚಟುವಟಿಕೆ ಮುಗಿಸುವುದಂತೂ ಬೇಡವೇ ಬೇಡ. ಕುಂಬಾರರು ಕೈಯಲ್ಲಿ ಮಾಡಿದ ಒಂದು ಜೋಡಿಯನ್ನು ತಂದು ತರಗತಿಯಲ್ಲಿ ಇಟ್ಟರೆ ಸಾಕು. ಮಕ್ಕಳು ಅದನ್ನು ನೋಡುತ್ತಾರೆ, ನೋಡಿದಂತೆ ಮಾಡುವುದಿಲ್ಲ, ಅದೇ ಸೊಗಸು.

ಕಣ್ಣಿನ ಬಗ್ಗೆ ಎಚ್ಚರ. ಹಳ್ಳಿಗಳಲ್ಲಿ ಮಣ್ಣೆತ್ತಿಗೆ ಗುಲಗಂಜಿಯ ಕಣ್ಣಿಟ್ಟು, ಕುಸುಬೆ ಕಾಳಿನಿಂದ ಸಿಂಗರಿಸುವುದುಂಟು. ಬಹಳ ಚೆಂದ ಕಾಣುತ್ತದೆ. ಆದರೆ ಗುಲಗಂಜಿ ವಿಷದ ಬೀಜ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಅದರ ಬದಲು ತೊಗರಿಕಾಳು ಕೊಟ್ಟ ವರ್ಷ ನಮ್ಮಲ್ಲೊಬ್ಬ ಅದನ್ನು ಮೂಗಿಗೆ ತುರುಕಿಕೊಂಡು, ಅವನನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಓಡಿಸಿದ್ದಾಯಿತು. ಈಗ ಕಡ್ಡಿಯ ತುದಿಯಿಂದ ಎರಡು ತೂತು ಚುಚ್ಚಿದರೆ ಅದೇ ಕಣ್ಣು.

ಪೂಜೆಯ ಪ್ರಶ್ನೆಗೆ ಬರುತ್ತೇನೆ. ನನ್ನ ತರಗತಿಯಲ್ಲಿ ಮುಸ್ಲಿಂ ಮನೆಗಳ ಮಕ್ಕಳಿದ್ದಾರೆ, ಕ್ರೈಸ್ತರೂ ಇದ್ದಾರೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಪೂಜೆಗೆ ಕೂರಿಸುವಂತಿಲ್ಲ. ಕಾನೂನು ಇಲ್ಲದಿದ್ದರೂ ನಾನು ಕೂರಿಸುತ್ತಿರಲಿಲ್ಲ. ಈ ಹಬ್ಬವನ್ನು ಹಿಂದೂ ಮನೆಗಳು ಹೇಗೆ ಆಚರಿಸುತ್ತವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಕುಂಕುಮ ಹಚ್ಚುವವರು ತಮ್ಮ ತಮ್ಮ ಎತ್ತಿಗೆ ಹಚ್ಚುತ್ತಾರೆ. ಎಲ್ಲರೂ ಸೇರಿ ಮಾಡುವುದು ಎತ್ತಿಗೆ ಮೇವು ಹಾಕುವ ಕೆಲಸ: ಅಂಗಳದ ಹಸಿ ಹುಲ್ಲನ್ನು ಕಿತ್ತು ತಂದು, ತಾವೇ ಮಾಡಿದ ಗೋದಲಿಗೆ ತುಂಬುತ್ತಾರೆ. ಆನಗೋಡು ಕಡೆಯಿಂದ ಬರುವ ಹುಡುಗನೊಬ್ಬ ಎರಡು ವರ್ಷದ ಹಿಂದೆ ನಾಲ್ಕು ಉಂಡೆಗಳ ಮೇಲೆ ಒಂದು ಇಟ್ಟಿಗೆಯಾಕಾರ ಇಟ್ಟು, "ನಮ್ ಮನ್ಯಾಗ ಎತ್ತಿಲ್ಲ ಮಿಸ್, ಟ್ರ್ಯಾಕ್ಟರ್ ಐತಿ" ಎಂದ. ಎತ್ತುಗಳ ಸಾಲಿನಲ್ಲೇ ಟ್ರ್ಯಾಕ್ಟರನ್ನೂ ಇಟ್ಟೆವು, ಅದಕ್ಕೂ ಹುಲ್ಲು ಬಿತ್ತು.

ಮರುದಿನ ಒಂದೊಂದೇ ಎತ್ತನ್ನು ಬಕೆಟ್ಟಿನ ನೀರಿಗೆ ಬಿಡುತ್ತೇವೆ. ಮೊದಲು ಗುಳ್ಳೆ ಏಳುತ್ತವೆ, ಆಮೇಲೆ ಕೊಂಬು ಕರಗುತ್ತದೆ, ಕಡೆಗೆ ಬೆನ್ನು ಕುಸಿಯುತ್ತದೆ. ಇಪ್ಪತ್ತು ಮಕ್ಕಳು ಸುತ್ತ ಕುಕ್ಕುರುಗಾಲಲ್ಲಿ ಕುಳಿತು ನೋಡುವಾಗ ತರಗತಿಯಲ್ಲಿ ಅಷ್ಟು ನಿಶ್ಶಬ್ದ ಬೇರೆ ಯಾವ ದಿನವೂ ಇರುವುದಿಲ್ಲ. ಕೆಲವರು ಕೊಡುವುದಿಲ್ಲವೆಂದು ಎದೆಗವಚಿಕೊಳ್ಳುತ್ತಾರೆ, ಅವರ ಎತ್ತು ಅವರ ಜೊತೆ ಮನೆಗೆ ಹೋಗುತ್ತದೆ. ತಳದಲ್ಲಿ ಉಳಿದ ಕೆಸರನ್ನು ಹಳೆಯ ಡಬ್ಬಿಗಳಿಗೆ ಹಾಕಿ ಅದರಲ್ಲಿ ಮೆಕ್ಕೆಜೋಳ ಊರುತ್ತೇವೆ.

ಮುಂದಿನ ವರ್ಷ ಮಾಡಿಸಬೇಕೆನ್ನುವ ಶಿಕ್ಷಕಿಯರಿಗೆ ಒಂದು ಮಾತು: ಮಣ್ಣನ್ನು ಕಾರ ಹುಣ್ಣಿಮೆಗೆ ಮೊದಲೇ ತಂದಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಕೆರೆಯಂಗಳಕ್ಕೆ ಕಾಲಿಡಲಾಗುವುದಿಲ್ಲ.