ಕತ್ತೆ ಸಾಲದು, ಫಾಲ್ಕನ್ ಬೇಕು

ಆ ವಿಡಿಯೊ ಮತ್ತೆ ಓಡಾಡುತ್ತಿದೆ. ನೀವೂ ನೋಡಿರುತ್ತೀರಿ. ಅಮೆರಿಕದ ಟಿವಿ ಬೋಧಕ ಜೆಸ್ಸಿ ಡುಪ್ಲಾಂಟಿಸ್ 2018ರಲ್ಲಿ ಭಕ್ತರ ಮುಂದೆ ಇಟ್ಟ ಬೇಡಿಕೆ. ಫಾಲ್ಕನ್ 7ಎಕ್ಸ್ ಅನ್ನುವ ಜೆಟ್ ವಿಮಾನ ಬೇಕು. ಬೆಲೆ 5 ಕೋಟಿ 40 ಲಕ್ಷ ಡಾಲರ್. ಮೊದಲೇ ಮೂರು ವಿಮಾನ ಆಗಿದ್ದವು, ಇದು ನಾಲ್ಕನೆಯದು. ಯೇಸು ಇವತ್ತು ಭೂಮಿಯ ಮೇಲೆ ಇದ್ದಿದ್ದರೆ ಕತ್ತೆ ಹತ್ತುತ್ತಿರಲಿಲ್ಲ, ವಿಮಾನ ಹತ್ತುತ್ತಿದ್ದ ಅಂತ ಅವರ ವಾದ.

ವಾದ ಚೆನ್ನಾಗಿಯೇ ಇದೆ. ಕತ್ತೆ ನಿಧಾನ. ಸಮುದ್ರ ದಾಟಲ್ಲ. ಹವಾನಿಯಂತ್ರಣವಂತೂ ಇಲ್ಲವೇ ಇಲ್ಲ. ಆದರೆ ಆ ಕತ್ತೆಯ ವಿಷಯದಲ್ಲಿ ಒಂದು ಸಣ್ಣ ವಿವರವಿದೆ. ಅದು ಯೇಸುವಿನ ಸ್ವಂತದ್ದಲ್ಲ, ಕೇಳಿ ಪಡೆದದ್ದು. ಯಾರಾದರೂ ಯಾಕೆ ಬಿಚ್ಚುತ್ತೀರಿ ಅಂದರೆ, ಕರ್ತನಿಗೆ ಬೇಕಾಗಿದೆ, ಬೇಗ ವಾಪಸ್ ಕಳಿಸುತ್ತಾನೆ ಅಂತ ಹೇಳಿ ಎಂದು ಶಿಷ್ಯರಿಗೆ ಹೇಳಿ ಕಳಿಸಿದ್ದು ಬೈಬಲಿನ ಮಾರ್ಕನ ಸುವಾರ್ತೆಯಲ್ಲಿದೆ. ಒಂದು ದಿನದ ಸವಾರಿ, ಆಮೇಲೆ ಕತ್ತೆ ಮಾಲೀಕನ ಮನೆಗೆ. ಫಾಲ್ಕನ್ ವಾಪಸ್ ಕೊಡುವ ಮಾತು ವಿಡಿಯೊದಲ್ಲಿ ಎಲ್ಲೂ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ ಸಾಲು. ವಿಮಾನದ ವಿಚಾರ ಬಂದಾಗ ದೇವರು ತಮಗೆ ಹೀಗೆ ಹೇಳಿದ ಅನ್ನುತ್ತಾರೆ: ‘ಅದಕ್ಕೆ ನೀನು ದುಡ್ಡು ಕೊಡು ಅಂತ ನಾನು ಕೇಳಲಿಲ್ಲ, ನಂಬು ಅಂತ ಕೇಳಿದೆ.’ ನೋಡಿ, ಇದಕ್ಕಿಂತ ಶುದ್ಧವಾದ ಕೃಪೆಯ ಬೋಧನೆ ಇನ್ನೆಲ್ಲಿ ಸಿಗುತ್ತದೆ? ಅಪೊಸ್ತಲ ಪೌಲ ಎಫೆಸ ಊರಿನ ಕ್ರೈಸ್ತರಿಗೆ ಬರೆದದ್ದೂ ಇದನ್ನೇ ಅಲ್ವಾ? ನೀವು ಪಾರಾಗಿರುವುದು ಕೃಪೆಯಿಂದ, ನಂಬಿಕೆಯ ಮೂಲಕ. ಅದು ನಿಮ್ಮ ದುಡಿಮೆಯಲ್ಲ, ದೇವರ ಕೊಡುಗೆ. ಯಾರೂ ಜಂಬ ಕೊಚ್ಚಿಕೊಳ್ಳುವ ಹಾಗಿಲ್ಲ. ಬೋಧಕರು ಅಕ್ಷರಶಃ ಪಾಲಿಸಿದ್ದಾರೆ. ನಂಬಿಕೆ ಅವರದು, ವಿಮಾನ ಅವರದು. ದುಡ್ಡು ಮಾತ್ರ ಟಿವಿ ನೋಡುವ ಭಕ್ತರದು.

ಈ ಬಳಗದಲ್ಲೇ ಕೆನೆತ್ ಕೋಪ್ಲಂಡ್ ಅಂತ ಇನ್ನೊಬ್ಬರಿದ್ದಾರೆ. ಎಲ್ಲರ ಜೊತೆ ಸಾಮಾನ್ಯ ವಿಮಾನದಲ್ಲಿ ಯಾಕೆ ಹೋಗಬಾರದು ಅನ್ನುವುದನ್ನು ಅವರೂ ಡುಪ್ಲಾಂಟಿಸ್ ಅವರೂ ಒಟ್ಟಿಗೆ ಕೂತು ವಿವರಿಸಿದ್ದರು. ದೆವ್ವಗಳ ಗುಂಪಿನ ಜೊತೆ ಉದ್ದನೆಯ ಕೊಳವೆಯೊಳಗೆ ಕೂರಲು ಆಗುವುದಿಲ್ಲವಂತೆ. ಅದರೊಳಗೆ ಇರುವವರು ಯಾರು? ಮಗು ಎತ್ತಿಕೊಂಡ ತಾಯಿ, ಕೆಲಸಕ್ಕೆ ಹೊರಟ ಗುಮಾಸ್ತ, ಕಾಲು ಚಾಚಲಾಗದೆ ಒದ್ದಾಡುವ ನಿಮ್ಮ ನನ್ನಂಥವರು. ಸುವಾರ್ತೆಗಳಲ್ಲಿ ಯೇಸುವಿನ ಮೇಲೆ ಬಂದ ದೊಡ್ಡ ದೂರು ಏನು ಗೊತ್ತಲ್ಲ? ಸುಂಕದವರ ಜೊತೆ, ಪಾಪಿಗಳ ಜೊತೆ ಕೂತು ಊಟ ಮಾಡುತ್ತಾನೆ ಅಂತ. ಪಾಪ, ಆಗ ಖಾಸಗಿ ವಿಮಾನ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ.

ದುಡ್ಡು ಕೊಟ್ಟು ಕೃಪೆ ಕೊಳ್ಳುವ ಯೋಚನೆ ಹೊಸದೇನಲ್ಲ. ಮೊದಲ ಗಿರಾಕಿ ಸಮಾರ್ಯದ ಸೀಮೋನ, ಮಂತ್ರ ತಂತ್ರ ಮಾಡುತ್ತಿದ್ದವನು. ಅಪೊಸ್ತಲರು ಕೈಯಿಟ್ಟರೆ ಪವಿತ್ರಾತ್ಮ ಬರುವುದನ್ನು ನೋಡಿದ. ಪೇತ್ರ, ಯೋಹಾನರ ಮುಂದೆ ದುಡ್ಡು ಇಟ್ಟು ಈ ಅಧಿಕಾರ ನನಗೂ ಕೊಡಿ ಅಂದ. ನಿನ್ನ ಬೆಳ್ಳಿ ನಿನ್ನ ಜೊತೆಗೇ ಹಾಳಾಗಿ ಹೋಗಲಿ ಅಂತ ಪೇತ್ರ ಬೈದು ಕಳಿಸಿದ. ಸೀಮೋನ ತಪ್ಪು ಕಾಲದಲ್ಲಿ ಹುಟ್ಟಿದ. ಇವತ್ತು ಹೀಗೆ ಬಂದಿದ್ದರೆ ಅವನಿಗೆ ರಸೀದಿ ಕೊಟ್ಟು, ‘ಪಾಲುದಾರ’ ಅಂತ ಹೆಸರು ಬರೆದುಕೊಂಡು, ತಿಂಗಳಿಗೊಂದು ಪತ್ರ ಹಾಕುತ್ತಿದ್ದರು.

ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಮಾಫಿ ಅಂತ ಚರ್ಚು ಮಾರುತ್ತಿದ್ದ ಕ್ಷಮಾಪತ್ರಗಳ ಕಥೆ ಎಲ್ಲರಿಗೂ ಗೊತ್ತು. ರೋಮಿನಲ್ಲಿ ಸಂತ ಪೇತ್ರರ ಹೊಸ ಚರ್ಚು ಏಳಬೇಕು, ಜರ್ಮನಿಯಲ್ಲಿ ಯೊಹಾನ್ ಟೆಟ್ಸೆಲ್ ಪತ್ರ ಮಾರಬೇಕು. ಬಂದ ದುಡ್ಡಿನಲ್ಲಿ ಅರ್ಧ ರೋಮಿಗೆ. ಉಳಿದರ್ಧ ಮೈನ್ಸಿನ ಆರ್ಚ್‌ಬಿಷಪ್ ಆಲ್ಬರ್ಟನ ಸಾಲ ತೀರಿಸಲು ಫುಗ್ಗರ್ ಲೇವಾದೇವಿ ಮನೆತನಕ್ಕೆ. ಆ ಹುದ್ದೆಗಾಗಿ ರೋಮಿಗೆ ಕಟ್ಟಬೇಕಿದ್ದ ದುಡ್ಡಿಗೇ ಅವನು ಸಾಲ ಎತ್ತಿದ್ದ. ಪಾಪಕ್ಷಮೆಯ ಪೆಟ್ಟಿಗೆಯ ಪಕ್ಕದಲ್ಲಿ ಬ್ಯಾಂಕಿನ ಗುಮಾಸ್ತ ನಿಂತಿರುತ್ತಿದ್ದ. 1517ರ ಅಕ್ಟೋಬರ್ 31ಕ್ಕೆ ಜರ್ಮನ್ ಸನ್ಯಾಸಿ ಮಾರ್ಟಿನ್ ಲೂಥರ್ ಸಿಟ್ಟಾಗಿ 95 ಅಂಶ ಬರೆದ. 86ನೆಯದು ಇವತ್ತಿಗೂ ಹಾಗೇ ಓದಿಸಿಕೊಳ್ಳುತ್ತದೆ: ಭಾರಿ ಶ್ರೀಮಂತನಾದ ಪೋಪ್ ಬಡ ಭಕ್ತರ ದುಡ್ಡು ಬಿಟ್ಟು ತನ್ನ ಸ್ವಂತ ದುಡ್ಡಿನಲ್ಲಿ ಈ ಒಂದು ಚರ್ಚನ್ನು ಯಾಕೆ ಕಟ್ಟಬಾರದು?

ಆದರೂ ಟೆಟ್ಸೆಲ್ ಪರವಾಗಿ ಒಂದು ಮಾತು ಹೇಳಲೇಬೇಕು. ಮಾರುವವರಿಗೆ ಆಲ್ಬರ್ಟ್ ಕೊಟ್ಟ ಸೂಚನೆಯಲ್ಲಿ ದರಪಟ್ಟಿ ಇತ್ತು. ರಾಜರಿಗೆ, ಬಿಷಪ್ಪರಿಗೆ 25 ಚಿನ್ನದ ನಾಣ್ಯ. ಅಂತಸ್ತು ಇಳಿದಂತೆ ದರವೂ ಇಳಿಯುತ್ತದೆ. ಕೈಯಲ್ಲಿ ಏನೂ ಇಲ್ಲದವರು ಪ್ರಾರ್ಥನೆ, ಉಪವಾಸ ಮಾಡಿದರೆ ಸಾಕು. ಸ್ವರ್ಗದ ಬಾಗಿಲು ಶ್ರೀಮಂತರಿಗೆ ತೆರೆದಷ್ಟೇ ಬಡವರಿಗೂ ತೆರೆದಿರಬೇಕು ಅಂತ ಕಾರಣವನ್ನೂ ಕೊಟ್ಟಿದ್ದರು. ಐನೂರು ವರ್ಷ ಬೈಸಿಕೊಂಡವರಿಗೆ ಇಷ್ಟಾದರೂ ನಾಚಿಕೆ ಇತ್ತು. ಆಮೇಲೆ ಕ್ಯಾಥೊಲಿಕ್ ಸಭೆಯೇ ದಾರಿಗೆ ಬಂತು. 1567ರಲ್ಲಿ ಪೋಪ್ ಐದನೇ ಪಯಸ್ ದುಡ್ಡಿಗೆ ಕೊಡುವ ಕ್ಷಮಾಪತ್ರಗಳನ್ನೆಲ್ಲ ರದ್ದು ಮಾಡಿದ. ಟಿವಿ ಬೋಧಕರು ಪೋಪರ ಮಾತು ಕೇಳುವವರಲ್ಲ. ಅವರೆಲ್ಲ ಲೂಥರನ ಕಡೆಯವರು, ಪ್ರಾಟೆಸ್ಟಂಟರು!

ಕೃಪೆಯನ್ನು ಮಾರುವವರ ಕಥೆ ಇದು. ಕೃಪೆಯ ಬಗ್ಗೆ ಪಾಂಡಿತ್ಯ ಇರುವವರದ್ದು ಇನ್ನೂ ಮಜಾ. ಐದನೇ ಶತಮಾನದ ಶುರುವಿನಲ್ಲಿ ಪೆಲಾಜಿಯಸ್ ಅಂತ ಒಬ್ಬ, ಮನುಷ್ಯ ಮನಸ್ಸು ಮಾಡಿದರೆ ತಾನೇ ಒಳ್ಳೆಯವನಾಗಿ ಬಾಳಬಲ್ಲ ಅಂದ. ಆಗದು, ಮನಸ್ಸು ಮಾಡುವುದಕ್ಕೂ ದೇವರ ಕೃಪೆಯೇ ಬೇಕು ಅಂದ ಬಿಷಪ್ ಆಗಸ್ಟೀನ್. ಇಬ್ಬರ ಮಾತಿನಲ್ಲೂ ಯೋಚಿಸುವಂಥದ್ದಿತ್ತು. ಆದರೆ ಸಂತ ಜೆರೋಮ್ ನಡುವೆ ಬಂದು, ಪೆಲಾಜಿಯಸ್ ಗಂಜಿ ತಿಂದು ಊದಿದವನು ಅಂತ ಬರೆದ. ಸಂತರ ತರ್ಕ ಹೀಗೂ ಇರುತ್ತದೆ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಪೆಲಾಜಿಯಸನ ಮಾತುಗಳನ್ನು ಖಂಡಿಸಿ ಬಾಗಿಲು ಹಾಕಿತು.

ಬಾಗಿಲು ಮುಚ್ಚಿದ ಹಾಗೇ ಉಳಿಯಿತೇ? 16ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳ ಎರಡು ಸಂಘಗಳಾದ ಡೊಮಿನಿಕನ್ನರಿಗೂ ಜೆಸ್ವಿಟರಿಗೂ ಹತ್ತಿಕೊಂಡಿತು. ದೇವರ ಕೃಪೆ ಕೆಲಸ ಮಾಡುವಾಗ ಮನುಷ್ಯನ ಇಚ್ಛೆ ಎಷ್ಟು ಸ್ವತಂತ್ರ ಅನ್ನುವ ಪ್ರಶ್ನೆ. ಜೆಸ್ವಿಟರು ಡೊಮಿನಿಕನ್ನರನ್ನು ಪ್ರಾಟೆಸ್ಟಂಟ್ ಕ್ಯಾಲ್ವಿನ್ ಕಡೆಯವರು ಅಂದರು, ಡೊಮಿನಿಕನ್ನರು ಜೆಸ್ವಿಟರನ್ನು ಪೆಲಾಜಿಯಸನ ಕಡೆಯವರು ಅಂದರು. ಜಗಳ ರೋಮಿಗೆ ಹೋಯಿತು. ಅದಕ್ಕೊಂದು ಸಮಿತಿಯಾಯಿತು. ವರ್ಷಗಟ್ಟಲೆ ಕೂತರು. ವಿಚಾರಣೆ ನಡೆಯುವಾಗಲೇ ಪೋಪ್ ಎಂಟನೇ ಕ್ಲೆಮೆಂಟ್ ತೀರಿಕೊಂಡ. ಕೊನೆಗೆ 1607ರಲ್ಲಿ ಐದನೇ ಪಾಲ್, ಎರಡೂ ಕಡೆಯವರು ಮನೆಗೆ ಹೋಗಿ, ಒಬ್ಬರನ್ನೊಬ್ಬರು ಬೈಯಬೇಡಿ, ಸರಿಯಾದ ಸಮಯದಲ್ಲಿ ತೀರ್ಪು ತಿಳಿಸುತ್ತೇವೆ ಅಂದ. ನಾಲ್ಕು ಶತಮಾನ ಕಳೆಯಿತು. ಸರಿಯಾದ ಸಮಯ ಇನ್ನೂ ಬಂದಿಲ್ಲ. ಸರ್ಕಾರಿ ಕಡತಗಳ ಬಗ್ಗೆ ಗೊಣಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಲೂಥರನ್ನರೂ ಕ್ಯಾಥೊಲಿಕ್ಕರೂ ಈ ವಿಷಯದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದಲ್ಲ ಅಂತ ಇಬ್ಬರೂ ಒಟ್ಟಿಗೆ ಹೇಳಿದರು. ಲೂಥರನ 95 ಅಂಶಗಳಿಂದ ಇಲ್ಲಿಗೆ ಬರಲು 482 ವರ್ಷ ಬೇಕಾಯಿತು. ನಡುವೆ ಎಷ್ಟು ಯುದ್ಧ, ಎಷ್ಟು ಹೆಣ. ಅದನ್ನು ನೆನೆದರೆ ಈ ಸಹಿ ದೊಡ್ಡ ಸುದ್ದಿಯಾಗಬೇಕಿತ್ತು. ಆಗಲಿಲ್ಲ. ವಿಮಾನವಾದರೆ ಸುದ್ದಿಯಾಗುತ್ತದೆ.

ನಿಜ ಹೇಳಬೇಕೆಂದರೆ ಕೃಪೆ ಯಾರಿಗೂ ಇಷ್ಟವಾಗುವ ವಸ್ತುವಲ್ಲ. ನಮಗೆ ಸಿಕ್ಕರೆ ಸರಿ. ಪಕ್ಕದವನಿಗೆ ಸಿಕ್ಕರೆ ಹೊಟ್ಟೆ ಉರಿ. ಯೇಸು ಇದನ್ನು ಚೆನ್ನಾಗಿ ಅರಿತಿದ್ದ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಕಥೆ ನೋಡಿ. ಬೆಳಗ್ಗೆಯೇ ಕೆಲಸಕ್ಕೆ ಬಂದವರಿಗೂ ಒಂದು ಬೆಳ್ಳಿ ನಾಣ್ಯ, ಹೊತ್ತು ಮುಳುಗುವ ಒಂದು ಗಂಟೆ ಮುಂಚೆ ಬಂದವರಿಗೂ ಒಂದು ಬೆಳ್ಳಿ ನಾಣ್ಯ. ಇದರಲ್ಲಿ ಯಜಮಾನನ ತುಂಟತನ ಇರುವುದು ಕೂಲಿಯಲ್ಲಲ್ಲ, ಬಟವಾಡೆಯ ಸಾಲಿನಲ್ಲಿ. ಬೆಳಗ್ಗೆ ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಖುಷಿಯಾಗಿ ಮನೆಗೆ ಹೋಗಿರುತ್ತಿದ್ದರು. ಗಲಾಟೆಯೇ ಇಲ್ಲ. ಅವನು ಬೇಕಂತಲೇ ಕೊನೆಯವರಿಂದ ಶುರು ಮಾಡಿಸುತ್ತಾನೆ. ಮೊದಲಿನವರು ನಿಂತು ನೋಡಬೇಕು. ನೋಡಿ, ನಮಗೆ ಜಾಸ್ತಿ ಸಿಗುತ್ತದೆ ಅಂದುಕೊಳ್ಳಬೇಕು. ಆಮೇಲೆ ಅದೇ ಒಂದು ನಾಣ್ಯ ಕೈಗೆ ಬೀಳಬೇಕು. ನಾನಾಗಿದ್ದರೆ ನಾನೂ ಕೂಗಾಡುತ್ತಿದ್ದೆ. ಬಿಸಿಲಲ್ಲಿ ಬೆಂದವರು ನಾವು, ಸ್ವಾಮಿ! ನಾನು ಒಳ್ಳೆಯವನು ಅಂತ ನಿನಗೆ ಹೊಟ್ಟೆಕಿಚ್ಚೇ ಅಂತ ಯಜಮಾನ ಕೇಳುತ್ತಾನೆ. ಹೌದು ಅನ್ನುವ ಧೈರ್ಯ ಯಾರಿಗೂ ಇಲ್ಲ.

ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಕಥೆಯಲ್ಲೂ ನನ್ನ ಕಣ್ಣು ದೊಡ್ಡ ಮಗನ ಮೇಲೆಯೇ. ಚಿಕ್ಕವನು ಆಸ್ತಿ ಹಾಳು ಮಾಡಿ ಬಂದಿದ್ದಾನೆ. ಮನೆಯಲ್ಲಿ ಹಾಡು, ಕುಣಿತ. ಹೊಲದಿಂದ ಬಂದ ದೊಡ್ಡವನು ಒಳಗೆ ಕಾಲಿಡುವುದಿಲ್ಲ. ನನಗೆ ಒಂದು ಆಡಿನ ಮರಿಯನ್ನೂ ಕೊಟ್ಟವನಲ್ಲ ನೀನು ಅಂತ ಅಪ್ಪನ ಮೇಲೆ ಎಗರುತ್ತಾನೆ. ಈ ನಿನ್ನ ಮಗ ಸೂಳೆಯರ ಜೊತೆ ದುಡ್ಡು ಕಳೆದ ಅನ್ನುತ್ತಾನೆ. ಕಥೆಯಲ್ಲಿ ಅಲ್ಲಿಯವರೆಗೆ ಸೂಳೆಯರ ಸುದ್ದಿಯೇ ಇಲ್ಲ. ದುಂದು ಮಾಡಿದ ಅಂತಷ್ಟೇ ಇದೆ. ಆ ವಿವರ ಸೇರಿಸಿದ್ದು ಹೊಲದಲ್ಲಿ ಗೇಯುತ್ತಿದ್ದ ಈ ಒಳ್ಳೆಯ ಮಗ. ಒಳ್ಳೆಯವರ ಕಲ್ಪನಾಶಕ್ತಿಯನ್ನು ಯಾವತ್ತೂ ಕಡೆಗಣಿಸಬಾರದು.

ಕೃಪೆಯನ್ನು ತಮಗೆ ತಾವೇ ಬಡಿಸಿಕೊಳ್ಳುವವರದ್ದು ಇನ್ನೊಂದು ಪಂಗಡ. ಅಮೆರಿಕದ ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ 1988ರ ಫೆಬ್ರವರಿಯಲ್ಲಿ ಟಿವಿಯಲ್ಲಿ ಗಳಗಳ ಅತ್ತು, ನಾನು ಪಾಪ ಮಾಡಿದ್ದೇನೆ ಅಂದರು. ವೇಶ್ಯೆಯ ಸಹವಾಸದ ಪ್ರಕರಣ. ಅವರ ಪಂಗಡ ಹೆಚ್ಚು ಕಾಲ ಬೋಧನೆಯಿಂದ ದೂರ ಇರಿ ಅಂತ ಹೇಳಿತು. ಕೆಲವೇ ತಿಂಗಳಲ್ಲಿ ಅವರು ವೇದಿಕೆಗೆ ವಾಪಸ್. ಪಂಗಡ ಪಾದ್ರಿ ಪಟ್ಟ ಕಿತ್ತುಕೊಂಡಿತು. 1991ರಲ್ಲಿ ಮತ್ತೆ ಅಂಥದ್ದೇ ಪ್ರಕರಣ. ಈ ಸಲ ಅಳು ಇಲ್ಲ. ಇದು ನಿಮಗೆ ಸಂಬಂಧಪಟ್ಟದ್ದಲ್ಲ ಅಂತ ಕರ್ತನೇ ಹೇಳಿದ್ದಾನೆ ಅಂತ ಸಭೆಗೆ ತಿಳಿಸಿದರು. ಪಶ್ಚಾತ್ತಾಪ ಇಲ್ಲದ ಕ್ಷಮೆಯನ್ನು ‘ಅಗ್ಗದ ಕೃಪೆ’ ಅಂತ ಕರೆದವನು ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್. ಹಿಟ್ಲರನನ್ನು ಎದುರು ಹಾಕಿಕೊಂಡು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದ ಮನುಷ್ಯ. ಅವನನ್ನೂ ಇವರನ್ನೂ ಒಂದೇ ಪ್ಯಾರಾದಲ್ಲಿ ಬರೆಯುವುದಕ್ಕೆ ನನಗೇ ಸಂಕೋಚ.

ಟಿವಿ ಬೋಧಕ ಓರಲ್ ರಾಬರ್ಟ್ಸ್ ನೆನಪಿದ್ದಾರಲ್ಲ? 1987ರಲ್ಲಿ, ಮಾರ್ಚ್ ಮುಗಿಯುವುದರೊಳಗೆ 80 ಲಕ್ಷ ಡಾಲರ್ ಸೇರದಿದ್ದರೆ ದೇವರು ನನ್ನನ್ನು ಕರೆದುಕೊಂಡು ಬಿಡುತ್ತಾನೆ ಅಂತ ಘೋಷಿಸಿದರು. ಸ್ವರ್ಗಕ್ಕೆ ಕರೆದರೆ ಹೋಗಲು ಇಷ್ಟೊಂದು ಹಿಂಜರಿಕೆ ಯಾಕೋ ತಿಳಿಯದು. ಕೊನೆಯಲ್ಲಿ ಕೊರತೆ ತುಂಬಿದವನು ಫ್ಲಾರಿಡಾದ ನಾಯಿ ಓಟದ ಜೂಜಿನ ಮೈದಾನದ ಮಾಲೀಕ. ದೇವರು ಒಪ್ಪಿದ ಅಂತ ಕಾಣುತ್ತದೆ. ರಾಬರ್ಟ್ಸ್ 2009ರವರೆಗೆ ಬದುಕಿದರು, 91 ವರ್ಷ. ನೀವು ‘ಬೀಜ’ ಹಾಕಿದರೆ, ಅಂದರೆ ನಮಗೆ ದುಡ್ಡು ಕಳಿಸಿದರೆ, ದೇವರು ಬೆಳೆ ಕೊಡುತ್ತಾನೆ ಅನ್ನುವ ಬೋಧನೆಯನ್ನು ಮನೆಮಾತು ಮಾಡಿದ್ದು ಇವರೇ. ಇದನ್ನು ಹಂಚುವವರು ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ನೂರರಷ್ಟು ಪ್ರತಿಫಲದ ಮಾತನ್ನು ತುಂಬಾ ಇಷ್ಟಪಡುತ್ತಾರೆ. ಪೂರ್ತಿ ಓದಿ ನೋಡಿ. ನೂರರಷ್ಟು ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ಮಕ್ಕಳು, ಹೊಲ, ಜೊತೆಗೆ ಹಿಂಸೆಗಳು. ಕೊನೆಯ ಪದ ಬರುವಾಗ ಟಿವಿಯಲ್ಲಿ ಸಂಗೀತ ಶುರುವಾಗುತ್ತದೆ.

ಇನ್ನೊಬ್ಬ ಟಿವಿ ಬೋಧಕ ಪೀಟರ್ ಪೊಪಾಫ್ ಅವರಿಗೆ ಕಾಯಿಲೆಯವರ ಹೆಸರು, ವಿಳಾಸಗಳನ್ನು ದೇವರು ಕಿವಿಯಲ್ಲಿ ಹೇಳುತ್ತಿದ್ದ. ಹಾಗೆ ಹೇಳುತ್ತಿದ್ದ ದನಿ ರೇಡಿಯೊ ಮೂಲಕ ಬರುತ್ತಿದ್ದ ಹೆಂಡತಿಯದು ಅಂತ 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಟಿವಿಯಲ್ಲೇ ತೋರಿಸಿದ. ಮರುವರ್ಷ ಪೊಪಾಫ್ ದಿವಾಳಿ ಎದ್ದರು. ಆಮೇಲೆ? ಪವಾಡದ ನೀರು ಹಿಡಿದು ವಾಪಸ್ ಬಂದರು. ನೀರು ಉಚಿತ. ಹಿಂದೆಯೇ ಬರುವ ಪತ್ರಗಳಲ್ಲಿ ದುಡ್ಡಿನ ಮಾತು.

ಇಲ್ಲಿಗೆ ನನ್ನ ನಗು ಮುಗಿಯಿತು. ಆ ಪತ್ರಗಳಿಗೆ ಉತ್ತರವಾಗಿ ದುಡ್ಡು ಕಳಿಸುವವರು ಯಾರು ಅಂತ ಒಮ್ಮೆ ಯೋಚಿಸಿ. ಶ್ರೀಮಂತರಲ್ಲ. ಕ್ಯಾನ್ಸರ್ ಆದವರು, ಸಾಲದಲ್ಲಿ ಮುಳುಗಿದವರು, ಮಗ ಜೈಲಿನಲ್ಲಿರುವ ತಾಯಂದಿರು. ಔಷಧಿಗೆ ಇಟ್ಟ ದುಡ್ಡು ಕಳಿಸುತ್ತಾರೆ. ಕಾಯಿಲೆ ವಾಸಿಯಾಗುವುದಿಲ್ಲ. ಆಗ ಸಿಗುವ ಉತ್ತರ ಒಂದೇ: ನಿಮ್ಮ ನಂಬಿಕೆ ಸಾಲದು, ಇನ್ನೊಂದು ಬೀಜ ಹಾಕಿ. ಏನೂ ಕೊಡಲಾಗದವನಿಗೂ ಸುಮ್ನೆ ಸಿಗುತ್ತದೆ ಅನ್ನುವುದೇ ಕೃಪೆಯ ಅರ್ಥ. ಅದೊಂದೇ ಅರ್ಥ. ಅದನ್ನೇ ತಿರುಗಿಸಿ, ಸಾಯುತ್ತಿರುವವನ ತಲೆಯ ಮೇಲೆ ತಪ್ಪು ಹೊರಿಸುತ್ತಾರೆ. ದುಡ್ಡು ಹೋದದ್ದಕ್ಕಿಂತ ಇದು ಕೆಟ್ಟದ್ದು. ಉಚಿತವಾಗಿ ಪಡೆದಿದ್ದೀರಿ, ಉಚಿತವಾಗಿಯೇ ಕೊಡಿ ಅಂತ ಯೇಸು ಶಿಷ್ಯರಿಗೆ ಹೇಳಿದ್ದು ಇವರ ಬೈಬಲಿನಲ್ಲೂ ಇದೆ. ಎಷ್ಟು ಸಲ ಹೇಳುವುದು? ಬೇಸರವಾಗುತ್ತದೆ.

ಅಮೆರಿಕದ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ಒಮ್ಮೆ ಕೇಳಿ ನೋಡಿದರು. 2007ರ ನವೆಂಬರ್‌ನಲ್ಲಿ ಇಂಥ ಆರು ದೊಡ್ಡ ಟಿವಿ ಸಂಸ್ಥೆಗಳಿಗೆ ಪತ್ರ ಬರೆದು ಲೆಕ್ಕ ಕೊಡಿ ಅಂದರು. ಕೋಪ್ಲಂಡ್ ಅವರ ಸಂಸ್ಥೆಯೂ ಆ ಪಟ್ಟಿಯಲ್ಲಿತ್ತು. ಪೂರ್ತಿ ಸಹಕರಿಸಿದ್ದು ಎರಡೇ. ಉಳಿದ ನಾಲ್ಕು ಪೂರ್ತಿ ಲೆಕ್ಕ ಕೊಡಲಿಲ್ಲ. 2011ರ ಜನವರಿಯಲ್ಲಿ ವರದಿ ಹೊರಬಂತು. ದಂಡ ಇಲ್ಲ, ಶಿಕ್ಷೆ ಇಲ್ಲ, ನಿಮ್ಮನ್ನು ನೀವೇ ತಿದ್ದಿಕೊಳ್ಳಿ ಅನ್ನುವ ಸಲಹೆ. ಯೋಗ್ಯತೆ ನೋಡದೆ, ಪಶ್ಚಾತ್ತಾಪ ಕೇಳದೆ, ಒಂದು ಡಾಲರ್ ತೆಗೆದುಕೊಳ್ಳದೆ ಕೊಟ್ಟ ಮಾಫಿ. ಟೆಟ್ಸೆಲ್ ಆಗಿದ್ದರೆ 25 ಚಿನ್ನದ ನಾಣ್ಯವನ್ನಾದರೂ ವಸೂಲಿ ಮಾಡುತ್ತಿದ್ದ.