ಲೇಖಕರ ಪಟ್ಟಿಯಲ್ಲಿ ಅವರ ಹೆಸರು ಎಷ್ಟನೆಯದು?

ವೈದ್ಯಕೀಯ ಕಾಲೇಜುಗಳಲ್ಲಿ ಪಾಠ ಮಾಡುವ ದಲಿತ, ಆದಿವಾಸಿ, ಮುಸ್ಲಿಂ ಮಹಿಳೆಯರು ಮೇಲೆ ಬರಲು 'ಆತ್ಮವಿಶ್ವಾಸ ತುಂಬುವ ಶಿಬಿರಗಳು ಬೇಕು' ಎಂದು ಈಚೆಗೆ ನಾನು ಓದಿದ ಲೇಖನವೊಂದು ಹೇಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಆತ್ಮವಿಶ್ವಾಸ ಇಲ್ಲದವರು ಹಳ್ಳಿಯ ಸರ್ಕಾರಿ ಶಾಲೆಯಿಂದ ಎಂ.ಡಿ. ತನಕ ಬರುವುದುಂಟೇ?

ಅಡ್ಡಿ ಇರುವುದು ವಿಭಾಗದ ಒಳಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ಸಹ ಪ್ರಾಧ್ಯಾಪಕರಾಗಲು ನಾಲ್ಕು ವರ್ಷದ ಸೇವೆಯ ಜೊತೆಗೆ ಎರಡು ಸಂಶೋಧನಾ ಲೇಖನ ಬೇಕಿತ್ತು. ಮೊದಲ ಮೂವರು ಲೇಖಕರಲ್ಲಿ ಹೆಸರಿರಬೇಕಿತ್ತು, ಇಲ್ಲವೇ ಪತ್ರವ್ಯವಹಾರದ ಲೇಖಕರು, ಅಂದರೆ ಲೇಖನದ ಬಗ್ಗೆ ಪತ್ರಿಕೆಯೊಂದಿಗೆ ವ್ಯವಹರಿಸುವವರು, ಆಗಿರಬೇಕಿತ್ತು. ನಾನು ಕೆಲಸ ಮಾಡಿದ ಒಂದು ವಿಭಾಗದಲ್ಲಿ ದಲಿತ ಸಹೋದ್ಯೋಗಿಯೊಬ್ಬರು ಹೊರರೋಗಿ ವಿಭಾಗದ ಕೆಲಸ ಮುಗಿಸಿ, ಸಂಜೆಯೆಲ್ಲ ದಾಖಲೆ ಕೊಠಡಿಯಲ್ಲಿ ಕುಳಿತು ಹಳೆಯ ಕೇಸ್ ಶೀಟುಗಳಿಂದ ಮಾಹಿತಿ ತೆಗೆದರು. ಲೇಖನ ಅಚ್ಚಾದಾಗ ಅವರ ಹೆಸರು ಐದನೆಯದು. ಆ ದುಡಿಮೆ ಬಡ್ತಿಯ ಲೆಕ್ಕಕ್ಕೇ ಬರಲಿಲ್ಲ. ಕೇಳಿದ್ದರೆ 'ಹೊಂದಾಣಿಕೆ ಇಲ್ಲದವಳು' ಎಂಬ ಹಣೆಪಟ್ಟಿ ಸಿದ್ಧವಿತ್ತು.

ದೂರು ಕೊಡಲಿ ಎನ್ನುವುದು ಸುಲಭ. 2019ರಲ್ಲಿ ಮುಂಬೈಯಲ್ಲಿ ತೀರಿಕೊಂಡ ಸ್ನಾತಕೋತ್ತರ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ ಆದಿವಾಸಿ ಮುಸ್ಲಿಂ ಸಮುದಾಯದವರು. ಕಿರುಕುಳದ ಬಗ್ಗೆ ಮೊದಲೇ ಹೇಳಿದ್ದರೂ ಯಾರೂ ಕಿವಿಗೊಡಲಿಲ್ಲ ಎಂಬುದು ಅವರ ತಾಯಿಯ ಆರೋಪ. ಅದನ್ನು ಓದಿದ ಮೇಲೂ ವಿಭಾಗದ ಮುಖ್ಯಸ್ಥರ ಮುಂದೆಯೇ ದೂರು ಇಡಿ ಎಂದು ಕಿರಿಯರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಶಿಬಿರಕ್ಕೆ ಇಟ್ಟ ಹಣದಲ್ಲಿ ಈ ಮಹಿಳೆಯರ ಹೆಸರಿಗೇ ಸಣ್ಣ ಸಂಶೋಧನಾ ಅನುದಾನ ಕೊಡಿ. ಕೆಲಸ ಆರಂಭಿಸುವ ಮುನ್ನವೇ ಲೇಖಕರ ಕ್ರಮವನ್ನು ಬರೆದು ಸಹಿ ಹಾಕಿಸಿ. ದೂರನ್ನು ಕೇಳುವವರು ಆ ಕಾಲೇಜಿನ ಹೊರಗಿನವರಾಗಿರಲಿ.