ಮೊಸಳೆಗೆ ಸರ್ಟಿಫಿಕೇಟು, ಕೋಳಿಗೆ ಪರದೆ

ಕಾಸರಗೋಡಿನ ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ನೈವೇದ್ಯದ ಅನ್ನ ಉಂಡೇ ಬದುಕಿದ ಸಸ್ಯಾಹಾರಿ ಮೊಸಳೆ. ಅನ್ನ ತಿಂದದ್ದನ್ನು ಕಂಡವರಿದ್ದಾರೆ, ಅದರಲ್ಲಿ ತಕರಾರಿಲ್ಲ. ರಾತ್ರಿ ಕೆರೆಯ ಮೀನುಗಳ ಜೊತೆ ಅದರ ವ್ಯವಹಾರ ಹೇಗಿತ್ತು ಅಂತ ನೋಡಲು ಮಾತ್ರ ಯಾರೂ ಮುಳುಗು ಹಾಕಿರಲಿಲ್ಲ. ಮೊಸಳೆಯ ಹಲ್ಲು ಇರುವುದು ಹಿಡಿಯಲಿಕ್ಕೆ, ಅಗಿಯಲಿಕ್ಕಲ್ಲ; ಶೀತರಕ್ತದ ಪ್ರಾಣಿ, ತಿಂಗಳುಗಟ್ಟಲೆ ಉಪವಾಸ ಇದ್ದರೂ ನಡೆಯುತ್ತದೆ. ಪಾಪ, ಅದು ಒಳ್ಳೆಯತನದ ಪರೀಕ್ಷೆಗೆ ಅರ್ಜಿಯನ್ನೇ ಹಾಕಿರಲಿಲ್ಲ. ಪಾಸು ಮಾಡಿದವರು ನಾವು.

ಪಾಸು ಮಾಡಿದ ನಮ್ಮನ್ನು ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿಯ ಮುಂದೆ ನೋಡಬೇಕು ಮಾರಾಯ್ರೇ. ತಕ್ಕಡಿಯ ತನಕ ಎಲ್ಲರ ಕಣ್ಣೂ ಅಗಲ. ಎರಡು ಕಿಲೋ ಜೀವದ ಕೋಳಿ ಕೊಯ್ದರೆ ಕೈಗೆ ಸಿಗುವುದು ಕಿಲೋ ಮುನ್ನೂರು, ಹೆಚ್ಚೆಂದರೆ ನಾನೂರು ಗ್ರಾಂ, ಮೋಸ ಆಗಬಾರದಲ್ಲ. ತೂಕ ಮುಗಿಯಿತೋ, ಕೋಳಿ ಪರದೆಯ ಹಿಂದೆ, ಗಿರಾಕಿ ಮೊಬೈಲಿನ ಹಿಂದೆ. ಕೊಯ್ದು ತಲೆಕೆಳಗಾಗಿ ಡ್ರಮ್ಮಿಗೆ ಹಾಕಿದ ಮೇಲೆ ರಕ್ತ ಇಳಿಯಲು ಒಂದೂವರೆ, ಎರಡು ನಿಮಿಷ ಬೇಕು. ಅವಸರದಲ್ಲಿ ಕತ್ತಿ ಶ್ವಾಸನಾಳಕ್ಕೆ ತಾಗಿ ಪಕ್ಕದ ರಕ್ತನಾಳ ತಪ್ಪಿದರೆ ಇನ್ನೂ ಹೊತ್ತು. ಅಷ್ಟರಲ್ಲಿ ರೆಕ್ಕೆ ಡ್ರಮ್ಮಿಗೆ ಬಡಿಯುತ್ತದೆ, ಧಡ ಧಡ ಧಡ. ಪರದೆಯ ದೋಷ ಇದೊಂದೇ: ಶಬ್ದ ತಡೆಯುವುದಿಲ್ಲ. ಅದಕ್ಕೆ ಹಾಡು ಜೋರು ಮಾಡಿದರಾಯಿತು. ಕೊನೆಗೆ ಮಾಂಸ ಕಪ್ಪು ತೊಟ್ಟೆಯೊಳಗೆ ಬರುತ್ತದೆ, ದಾರಿಯಲ್ಲಿ ಎದುರಾಗುವ ಮಾವನಿಗೂ ಕಾಣದ ಹಾಗೆ.

ಪರದೆ ಕಟ್ಟಿದ್ದು ನಮ್ಮ ಕಡೆಗೆ. ಗೂಡಿನಲ್ಲಿ ಸರದಿ ಕಾಯುವ ಕೋಳಿಗಳ ಕಡೆಗೆ ಏನೂ ಇಲ್ಲ, ಅವು ಆರಾಮವಾಗಿ ನೋಡಬಹುದು. 2001ರ ಕಸಾಯಿಖಾನೆ ನಿಯಮ ಇದಕ್ಕೆ ತದ್ವಿರುದ್ಧ: ಪ್ರಾಣಿಯನ್ನು ಬೇರೆ ಪ್ರಾಣಿಗಳ ಕಣ್ಣೆದುರು ಕೊಯ್ಯಕೂಡದು. ಆದರೆ ಆ ನಿಯಮಕ್ಕೆ ಕಸಾಯಿಖಾನೆ ಅನ್ನಿಸಿಕೊಳ್ಳಬೇಕಾದರೆ ದಿನಕ್ಕೆ ಕನಿಷ್ಠ 10 ಪ್ರಾಣಿ ಕೊಯ್ಯಬೇಕು. ಒಂಬತ್ತರ ತನಕ ಪ್ರಾಣಿಗಳಿಗೆ ಹೆದರಿಕೆ ಇರುವುದಿಲ್ಲ ಎಂದು ಲೆಕ್ಕವೋ ಏನೋ.

ಮನುಷ್ಯ ಹುಟ್ಟುತ್ತಲೇ ಒಳ್ಳೆಯವನು ಎಂದು ವಾದಿಸಿದ ಚೀನಾದ ತತ್ವಜ್ಞಾನಿ ಮೆನ್ಸಿಯಸ್‌ಗೆ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಈ ಪರದೆ ಗೊತ್ತಿತ್ತು. ಅವನ ಕಾಲದ ದೊರೆಯೊಬ್ಬ, ಶಾಸ್ತ್ರಕ್ಕೆಂದು ಹೊಸ ಗಂಟೆಗೆ ರಕ್ತ ಬಳಿಯಲು ಎಳೆದೊಯ್ಯುತ್ತಿದ್ದ ಎತ್ತು ನಡುಗುವುದನ್ನು ನೋಡಿ ಕರಗಿಹೋದ. ಬಿಟ್ಟುಬಿಡಿ, ಕುರಿ ಕೊಯ್ಯಿರಿ ಎಂದ. ಜನ ಜಿಪುಣ ಎಂದರು. ಮೆನ್ಸಿಯಸ್ ಮಾತ್ರ ದೊರೆಯ ಬೆನ್ನು ತಟ್ಟಿದ: ಎತ್ತು ಕಣ್ಣಿಗೆ ಬಿತ್ತು, ಕುರಿ ಬೀಳಲಿಲ್ಲ, ಅಷ್ಟೇ, ಸಜ್ಜನರು ಅಡುಗೆಮನೆಯಿಂದ ದೂರ ಇರುವುದೂ ಇದಕ್ಕೇ. ನಮ್ಮ ಕಡೆಯ ಸಜ್ಜನರು ಇದನ್ನು ಸ್ವಲ್ಪ ತಿದ್ದಿಕೊಂಡಿದ್ದಾರೆ. ಕೋಳಿ ಸುಕ್ಕದ ಉಪ್ಪು ನೋಡಲು ಅಡುಗೆಮನೆಗೆ ಹೋಗಬಹುದು, ಡ್ರಮ್ಮಿನಿಂದ ದೂರ ಇದ್ದರೆ ಸಾಕು.

2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿದೆ. ಅದಕ್ಕೂ ಸರ್ಟಿಫಿಕೇಟು ತಯಾರಾಗುತ್ತಿರಬೇಕು. ಸಹಿ ಹಾಕುವವರು ಮೊದಲು ಸೋಪು ಹಾಕಿ ಕೈ ತೊಳೆದುಕೊಳ್ಳಲಿ. ಕಾಗದಕ್ಕೆ ಬಂಗುಡೆ ವಾಸನೆ ಹಿಡಿದರೆ ಮೊಸಳೆಗೆ ಹಸಿವಾದೀತು.